ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಮಳೆ ಬರುವಾಗ ಒಂದು ಸಲ ಹೋಗಿ ನೋಡಿ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಕಪಾಟಿನ ಬಾಗಿಲು ತೆಗೆದರೆ ಒಳಗಿನಿಂದ ಹಸಿ ಮಣ್ಣಿನಂಥ ವಾಸನೆ. ಅವ್ವ ಕೊಟ್ಟ ಇಳಕಲ್ ಸೀರೆಯ ಮಡಿಕೆಯುದ್ದಕ್ಕೂ ಬಿಳಿ ಬೂಷ್ಟು ಕೂತಿತ್ತು. ಕಪಾಟಿನ ಹಿಂದಿನ ಗೋಡೆ ಮುಟ್ಟಿದೆ, ಅಂಗೈ ಒದ್ದೆಯಾಯಿತು. ಎರಡು ತಿಂಗಳ ಹಿಂದೆ, ಮೇ ತಿಂಗಳ ಬಿಸಿಲಲ್ಲಿ, ಇದೇ ಗೋಡೆಯ ಹೊಸ ಪೇಂಟ್ ನೋಡಿ ಖುಷಿಯಾಗಿ ಅಡ್ವಾನ್ಸ್ ಕೊಟ್ಟಿದ್ದೆ.

ನಾನು ರಾಣೆಬೆನ್ನೂರಿನವಳು. ನಮ್ಮ ಬಯಲುಸೀಮೆಯಲ್ಲಿ ಮನೆ ನೋಡುವಾಗ ನೀರು ಬರುತ್ತಾ, ಗಾಳಿ ಬರುತ್ತಾ ಅಂತ ಕೇಳುತ್ತೇವೆ. ಗೋಡೆ ಒಣಗಿರುತ್ತಾ ಅಂತ ಯಾರೂ ಕೇಳುವುದಿಲ್ಲ. ಶಿವಮೊಗ್ಗಕ್ಕೆ ಕೆಲಸಕ್ಕೆ ಬಂದ ಮೇಲೆ ಕಲಿತೆ. ಈಗ ನಮ್ಮ ಆಫೀಸಿಗೆ ಹೊಸದಾಗಿ ಬರುವವರಿಗೆಲ್ಲ ನಾನೇ ಮನೆ ತೋರಿಸಲು ಹೋಗುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಹೊಳೆಯ ಯಾವ ಕಡೆ?

ಊರನ್ನು ತುಂಗೆ ಎರಡು ಭಾಗ ಮಾಡುತ್ತಾಳೆ. ಬಸ್ ಸ್ಟ್ಯಾಂಡ್, ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿ, ವಿನೋಬನಗರ, ಗೋಪಾಳ ಎಲ್ಲ ಒಂದು ಕಡೆ. ಸೇತುವೆ ದಾಟಿ ಭದ್ರಾವತಿ ರಸ್ತೆಗೆ ಬಂದರೆ ವಿದ್ಯಾನಗರ. ಹೊರಗಿನಿಂದ ಬರುವವರು ಮ್ಯಾಪ್‌ನಲ್ಲಿ ನೋಡಿ 'ಎಲ್ಲಾ ಹತ್ತಿರಾನೇ ಇದೆಯಲ್ಲ' ಅನ್ನುತ್ತಾರೆ. ಹತ್ತಿರ ಹೌದು. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆ ವ್ಯಾನ್, ಆಟೋ, ಬಸ್ ಎಲ್ಲ ಬಿ.ಎಚ್. ರಸ್ತೆಗೆ ಇಳಿದಾಗ, ಅದೂ ಮಳೆಯಲ್ಲಿ, ಮ್ಯಾಪ್‌ನ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ದಿನಾ ಸೇತುವೆ ದಾಟಬೇಕಾ ಬೇಡವಾ, ಇದನ್ನು ಮೊದಲು ತೀರ್ಮಾನ ಮಾಡಿ.

ಕೆಲಸ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಭದ್ರಾವತಿ ಕಡೆಯೋ ಇದ್ದರೆ ವಿದ್ಯಾನಗರದಿಂದ ಹುಡುಕಲು ಶುರು ಮಾಡಿ. ಸಹ್ಯಾದ್ರಿ ಕಾಲೇಜು ಅಲ್ಲೇ ಇರುವುದರಿಂದ ಬಾಡಿಗೆಗೆ ಕೊಡುವ ರೂಢಿ ಹಳೆಯದು. ಚಿಕ್ಕ ಮನೆಗಳೂ ಸಿಗುತ್ತವೆ. ಕುವೆಂಪು ವಿಶ್ವವಿದ್ಯಾಲಯಕ್ಕೆ ಬರುವವರು ಶಿವಮೊಗ್ಗದಲ್ಲೇ ಇರಬೇಕು ಅಂತ ಹಟ ಹಿಡಿಯುವುದು ಬೇಡ. ವಿಶ್ವವಿದ್ಯಾಲಯ ಇರುವ ಶಂಕರಘಟ್ಟ ಭದ್ರಾವತಿ ತಾಲೂಕಿನಲ್ಲಿದೆ. ಭದ್ರಾವತಿ ಪೇಟೆಯನ್ನೂ, ಭದ್ರಾ ಅಣೆಕಟ್ಟೆ ಹತ್ತಿರದ ಬಿ.ಆರ್. ಪ್ರಾಜೆಕ್ಟ್ ಕಡೆಯನ್ನೂ ಒಮ್ಮೆ ನೋಡಿ.

ಸವಳಂಗ ರಸ್ತೆಯ ಎಂಜಿನಿಯರಿಂಗ್ ಕಾಲೇಜು ಅಥವಾ ನವುಲೆಯ ಕೃಷಿ ಕಾಲೇಜಿನಲ್ಲಿ ಕೆಲಸವಾದರೆ ನವುಲೆಯ ಸುತ್ತಮುತ್ತ, ಇಲ್ಲಾ ವಿನೋಬನಗರದ ಆ ತುದಿ ಸರಿ. ಮೆಗ್ಗಾನ್ ಆಸ್ಪತ್ರೆ, ಕುವೆಂಪು ರಸ್ತೆಯ ಖಾಸಗಿ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮಾಡುವವರಿಗೆ ನಾನು ಒಂದೇ ಮಾತು ಹೇಳುವುದು: ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿ. ತಿಲಕನಗರ, ಜಯನಗರ, ರವೀಂದ್ರನಗರದ ಹಳೆಯ ಬೀದಿಗಳಲ್ಲಿ ಮನೆಯ ಹಿಂದೆ ಒಂದು ಔಟ್‌ಹೌಸ್, ಮೇಲೊಂದು ಮಹಡಿ ಬಾಡಿಗೆಗೆ ಕೊಡುವವರು ಇದ್ದಾರೆ. ಹೊರಗೆ ಬೋರ್ಡ್ ಹಾಕಿರುವುದಿಲ್ಲ, ಕೇಳಬೇಕು.

ಇಲ್ಲಿ ಅಪಾರ್ಟ್‌ಮೆಂಟ್‌ಗಳು ಇವೆ. ಆದರೆ ಕಡಿಮೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಓನರ್ ಕೆಳಗಿದ್ದು ಮೇಲಿನ ಮಹಡಿ ಕೊಡುವಂಥ ಮನೆಗಳೇ. ಲಿಫ್ಟ್, ಸೆಕ್ಯೂರಿಟಿ ಬೇಕೇಬೇಕು ಅಂತಿದ್ದರೆ ಬಾಡಿಗೆಯ ಮೇಲೆ ಮೇಂಟೆನೆನ್ಸ್ ಎಷ್ಟು ಅಂತ ಮೊದಲ ಫೋನಿನಲ್ಲೇ ಕೇಳಿ.

ಬಾಡಿಗೆ ಒಂದನ್ನೇ ಲೆಕ್ಕ ಹಾಕಬೇಡಿ

ದೂರದಲ್ಲಿ ಮನೆ ಅಗ್ಗ ಅನ್ನುವುದು ಅರ್ಧ ನಿಜ. ಒಂದು ಲೆಕ್ಕ ನೋಡಿ. ಹೋಗಿಬರಲು ದಿನಕ್ಕೆ 24 ಕಿಲೋಮೀಟರ್, ತಿಂಗಳಿಗೆ 25 ದಿನ ಕೆಲಸ ಅಂದರೆ 600 ಕಿಲೋಮೀಟರ್. ಸ್ಕೂಟರ್ ಲೀಟರಿಗೆ 45 ಕೊಟ್ಟರೆ 13 ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಪೆಟ್ರೋಲ್ 100 ರೂಪಾಯಿ ಅಂತಲೇ ಹಿಡಿದರೂ 1,300 ದಾಟಿತು. ಮಳೆಗಾಲದಲ್ಲಿ ವಾರಕ್ಕೆರಡು ದಿನ ಆಟೋ ಹಿಡಿಯುತ್ತೀರಿ, ಅದನ್ನೂ ಸೇರಿಸಿ. ಅಲ್ಲಿಗೆ ತಿಂಗಳಿಗೆ 2,000 ಕಡಿಮೆ ಅಂತ ದೂರದ ಮನೆ ಹಿಡಿದದ್ದು ಉಳಿತಾಯ ಆಗಲಿಲ್ಲ. ರಸ್ತೆಯಲ್ಲಿ ಕಳೆದ ಒಂದು ಗಂಟೆ ಬೇರೆ.

ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಮಲೆನಾಡಿನ ಕಡೆ ಖಾಸಗಿ ಬಸ್ ಜಾಸ್ತಿ. ನೀವು ನೋಡಿದ ಬೀದಿಗೆ ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಯಾವ ಬಸ್ ಬರುತ್ತದೆ ಅಂತ ಸ್ಟಾಪಿನಲ್ಲಿ ನಿಂತು ನೋಡಿ. ಸಂಜೆ ಏಳರ ಮೇಲೆ ವಾಪಸ್ ಬಸ್ ಇದೆಯಾ ಅಂತಲೂ ಕೇಳಿ.

ಹುಡುಕುವುದು ಕಾಲಿನಲ್ಲಿ

ಬಂದ ದಿನವೇ ಮನೆ ಮಾಡಬೇಡಿ. ಪಿ.ಜಿ.ಯಲ್ಲೋ ನೆಂಟರ ಮನೆಯಲ್ಲೋ ಎರಡು ವಾರ ಇರಿ. ಒಂದು ವಾರ ಕೆಲಸಕ್ಕೆ ಹೋಗಿಬನ್ನಿ. ನಿಮ್ಮ ದಾರಿ ಯಾವುದು ಅಂತ ಆಗಲೇ ಗೊತ್ತಾಗುವುದು.

ಆಮೇಲೆ ಸಂಜೆ ಐದರಿಂದ ಏಳರವರೆಗೆ ಬೇಕಾದ ಬಡಾವಣೆಯಲ್ಲಿ ನಡೆಯಿರಿ. ವಿನೋಬನಗರದ ಪೊಲೀಸ್ ಚೌಕಿ ಸುತ್ತ, 100 ಅಡಿ ರಸ್ತೆ, 60 ಅಡಿ ರಸ್ತೆಯ ಅಡ್ಡರಸ್ತೆಗಳಲ್ಲಿ ಒಂದು ಸಂಜೆ ಸುತ್ತಿದರೆ ನಾಲ್ಕೈದು ಬೋರ್ಡಾದರೂ ಕಣ್ಣಿಗೆ ಬೀಳುತ್ತವೆ. ಬೋರ್ಡಿಗಿಂತ ಇಸ್ತ್ರಿ ಅಂಗಡಿಯವರನ್ನು ಕೇಳುವುದು ಒಳ್ಳೆಯದು. ಯಾವ ಮನೆ ಬಟ್ಟೆ ಬರುವುದು ನಿಂತಿದೆ ಅಂತ ಅವರಿಗೆ ಗೊತ್ತು. ನಂದಿನಿ ಬೂತಿನವರಿಗೆ ಯಾರು ಮುಂದಿನ ತಿಂಗಳಿಂದ ಹಾಲು ಬೇಡ ಅಂದಿದ್ದಾರೆ ಅಂತ ಗೊತ್ತು. ನನ್ನ ಈಗಿನ ಮನೆ ಸಿಕ್ಕಿದ್ದು ಹಾಗೇ. ಎರಡು ಪ್ಯಾಕೆಟ್ ಹಾಲು ತಗೊಂಡು ಸುಮ್ನೆ ಕೇಳಿದೆ. ಬೂತಿನಲ್ಲಿದ್ದ ಹಿರಿಯರು ಅಂದರು:

"ಈ ಬೀದಿ ಕೊನೇಲಿ ಒಂದು ಮಹಡಿ ಖಾಲಿ ಆಗ್ತದೆ ಅಕ್ಕಾ. ಆದ್ರೆ ಈಗ ಹೋಗ್ಬೇಡಿ. ಸ್ವಲ್ಪ ಹೊತ್ತಿಗೆ ಮಳೆ ಹೊಡೀತದೆ, ಆಗ ಹೋಗಿ ನೋಡಿ. ಚೆನ್ನಾಗಿದ್ರೆ ಆಗ್ಲೂ ಚೆನ್ನಾಗೇ ಇರ್ತದೆ."

ಮಳೆ ಬಂತು. ಛತ್ರಿ ಹಿಡಿದು ಹೋದೆ. ಮನೆ ಒಣಗಿತ್ತು.

ಹಾಗಾಗಿ ಯಾವ ತಿಂಗಳಲ್ಲಿ ಹುಡುಕುತ್ತೀರಿ ಅನ್ನುವುದೂ ಮುಖ್ಯ. ಮೇ, ಜೂನ್‌ನಲ್ಲಿ ವರ್ಗಾವಣೆ ಆದವರು, ಶಾಲೆ ಕಾಲೇಜಿಗೆ ಬಂದವರು ಎಲ್ಲ ಒಟ್ಟಿಗೆ ಹುಡುಕುತ್ತಾರೆ, ಬಾಡಿಗೆ ಇಳಿಸುವ ಮಾತೇ ಇರುವುದಿಲ್ಲ. ಆಷಾಢ ಬಂತು ಅಂದರೆ ಹೊಸ ಮನೆಗೆ ಹೋಗುವವರು ಕಡಿಮೆ. ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ಓನರ್ ಐನೂರು, ಸಾವಿರ ಇಳಿಯುವುದು ಆಗಲೇ. ಮಳೆಯೂ ಆಗಲೇ ಜೋರು, ಮನೆಯ ಬಣ್ಣವೂ ಗೊತ್ತಾಗುತ್ತದೆ. ನಿಮಗೆ ಆಷಾಢದ ನಂಬಿಕೆ ಇದ್ದರೆ ಆಗ ನೋಡಿ ಮಾತಾಡಿಟ್ಟು, ಶ್ರಾವಣದಲ್ಲಿ ಹಾಲು ಉಕ್ಕಿಸಿ. ಧನುರ್ಮಾಸದಲ್ಲೂ ಹೀಗೇ ಖಾಲಿ ಇರುತ್ತವೆ, ಆದರೆ ಮಳೆ ಇರುವುದಿಲ್ಲ.

ಬ್ರೋಕರ್ ಬೇಡ ಅಂತ ನಾನು ಹೇಳುವುದಿಲ್ಲ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅಂತ ಮನೆ ನೋಡುವ ಮೊದಲೇ ಮಾತಾಡಿ. ಫೋನಿನಲ್ಲಿ ಫೋಟೋ ಕಳಿಸಿ 'ನಾನು ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಟೋಕನ್ ಹಾಕಿದರೆ ಕೀ ಕೊಡಿಸುತ್ತೇನೆ' ಅನ್ನುವವರಿಗೆ ಒಂದು ರೂಪಾಯಿ ಕೂಡ ಹಾಕಬೇಡಿ. ಹಾಕಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಬರೆಯಲು ನೋವಾದರೂ ಬರೆಯಬೇಕು. 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನುವ ಬೋರ್ಡ್ ಕಾಣುತ್ತದೆ. 'ನಿಮ್ಮದು ಯಾವ ಜನ?' ಅಂತ ಗೇಟಿನಲ್ಲೇ ಕೇಳುವವರೂ ಇದ್ದಾರೆ. ಒಬ್ಬಂಟಿ ಹೆಂಗಸಿಗೆ, ಮದುವೆಯಾಗದ ಹುಡುಗರಿಗೆ, ಮುಸ್ಲಿಮರಿಗೆ, ದಲಿತರಿಗೆ ಇದು ಜಾಸ್ತಿ. ಇದು ತಪ್ಪು, ನಾಚಿಕೆಪಡಬೇಕಾದವರು ಕೇಳಿದವರು, ನೀವಲ್ಲ. ಸುಳ್ಳು ಹೇಳಿ ಒಳಗೆ ಹೋಗಿ ದಿನಾ ಹೆದರಿಕೊಂಡು ಬದುಕುವುದು ಬೇಡ. ನೀವು ಯಾರು, ಏನು ಅಡುಗೆ ಮಾಡುತ್ತೀರಿ ಅಂತ ಫೋನಿನಲ್ಲೇ ಹೇಳಿಬಿಡಿ. ಒಪ್ಪುವವರ ಮನೆಗೆ ಮಾತ್ರ ಹೋಗಿ. ಅಂಥವರು ಇದ್ದಾರೆ, ಸ್ವಲ್ಪ ಜಾಸ್ತಿ ನಡೆಯಬೇಕು ಅಷ್ಟೇ. ಸಹೋದ್ಯೋಗಿಗಳ ಪರಿಚಯದ ಮೂಲಕ ಹೋದರೆ ಬೇಗ ಸಿಗುತ್ತದೆ.

ಗೋಡೆ ಓದುವುದು

ಇದಕ್ಕೆ ಅರ್ಧ ಗಂಟೆ ಬೇಕು. ಓನರ್ ಅವಸರ ಮಾಡಿದರೂ ನೀವು ಮಾಡಬೇಡಿ.

ಇಲ್ಲಿ ಮುಂಗಾರು ಪಶ್ಚಿಮದಿಂದ, ನೈಋತ್ಯದಿಂದ ಹೊಡೆಯುತ್ತದೆ. ಹಾಗಾಗಿ ಮೊದಲು ಪಶ್ಚಿಮದ ಗೋಡೆ ಯಾವುದು ಅಂತ ಗುರುತಿಸಿ. ಆ ಕಡೆ ಪಕ್ಕದ ಮನೆ ಅಡ್ಡ ಇದ್ದರೆ ಒಳ್ಳೆಯದು. ಖಾಲಿ ಸೈಟ್ ಇದ್ದರೆ ಇರಚಲು ನೇರ ಗೋಡೆಗೇ. ಕಿಟಕಿಯ ಮೇಲೆ ಸಜ್ಜಾ ಎಷ್ಟು ಅಗಲ ಇದೆ ನೋಡಿ. ಒಂದು ಗೇಣು ಸಜ್ಜಾ ಇದ್ದರೆ ಇಲ್ಲದ ಹಾಗೇ.

ಒಳಗೆ ಬಂದು ಅಂಗೈ ಅಗಲಿಸಿ ಗೋಡೆಗೆ ಒತ್ತಿ, ಹತ್ತು ಎಣಿಸುವವರೆಗೆ ಹಾಗೇ ಇಡಿ. ಮೊಣಕಾಲಿನ ಎತ್ತರದಲ್ಲಿ ಒಮ್ಮೆ, ತಲೆಯ ಎತ್ತರದಲ್ಲಿ ಒಮ್ಮೆ. ಕೆಳಗೆ ತಣ್ಣಗಿದ್ದು ಮೇಲೆ ಇಲ್ಲದಿದ್ದರೆ ತೇವ ನೆಲದಿಂದ ಏರುತ್ತಿದೆ. ಮೂಲೆಯಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ, ಬೆರಳಲ್ಲಿ ಒರೆಸಿದರೆ ಉಪ್ಪಿನ ಹಾಗೆ ಅಂಟಿದರೆ, ಆ ಗೋಡೆ ಹೋದ ವರ್ಷ ನೀರು ಕುಡಿದಿದೆ. ಇಡೀ ಮನೆ ಹಳೆ ಬಣ್ಣ ಇದ್ದು ಒಂದೇ ಮೂಲೆಗೆ ಹೊಸ ಪೇಂಟ್ ಬಳಿದಿದ್ದರೆ ಅಲ್ಲಿ ಏನಾಗಿತ್ತು ಅಂತ ನೇರವಾಗಿ ಕೇಳಿ.

ಗೋಡೆಯೊಳಗಿನ ಕಪಾಟುಗಳ ಬಾಗಿಲು ತೆಗೆದು ಮೂಗು ಒಳಗಿಟ್ಟು ವಾಸನೆ ನೋಡಿ. ಪೇಂಟ್ ಕಣ್ಣಿಗೆ ಮುಚ್ಚಬಹುದು, ಬೂಷ್ಟಿನ ವಾಸನೆ ಮುಚ್ಚುವುದಿಲ್ಲ. ಸ್ವಿಚ್ ಬೋರ್ಡಿನ ಕೆಳಗೆ ಕಂದು ಗೆರೆ ಇಳಿದಿದೆಯಾ ನೋಡಿ. ಇದ್ದರೆ ವೈರಿನ ಪೈಪಿನೊಳಗೆ ನೀರು ಇಳಿದಿದೆ, ಆ ಮನೆ ಬಿಡಿ. ಬಚ್ಚಲಿನ ಬಾಗಿಲಿನ ಕೆಳತುದಿ ಉಬ್ಬಿ ನೆಲಕ್ಕೆ ಉಜ್ಜುತ್ತಿದ್ದರೆ ಚಿಂತೆ ಮಾಡಬೇಡಿ, ಮಲೆನಾಡಿನ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುವುದು ಇದ್ದದ್ದೇ. ಬಡಗಿ ಕರೆಸಿ ಕೆತ್ತಿಸಿದರೆ ಆಯಿತು.

ತಾರಸಿಗೆ ಹತ್ತಿ. ನೀರು ಹೋಗುವ ಪೈಪಿನ ಬಾಯಲ್ಲಿ ಎಲೆ ಕಟ್ಟಿದೆಯಾ, ನಡುವೆ ನೀರು ನಿಂತ ಕಪ್ಪು ಗುರುತು ಇದೆಯಾ ನೋಡಿ. ಹೊರಗಿನ ಮೆಟ್ಟಿಲಿಗೆ ಪಾಚಿ ಕಟ್ಟಿದ್ದರೆ, ಮನೆಯಲ್ಲಿ ವಯಸ್ಸಾದವರಿದ್ದರೆ, ಹಿಡಿಯಲು ಕಂಬಿ ಇದೆಯಾ ಅಂತ ನೋಡಲೇಬೇಕು. ಬಟ್ಟೆ ಒಣಗಿಸಲು ಮಳೆ ತಾಗದ ಜಾಗ ಎಲ್ಲಿ? ಇದನ್ನು ಗಂಡಸರು ಕೇಳುವುದೇ ಇಲ್ಲ. ಆಗಸ್ಟ್‌ನಲ್ಲಿ ಹಾಸಿಗೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿದಾಗ ಗೊತ್ತಾಗುತ್ತದೆ.

ತಾರಸಿಯ ಮೇಲೆ ಶೀಟ್ ಹೊದಿಸಿ ಮಾಡಿದ ಒಂದು ರೂಮಿನ ಮನೆ ಅಗ್ಗಕ್ಕೆ ಸಿಗುತ್ತದೆ. ಮಳೆಯಲ್ಲಿ ಮಾತು ಕೇಳಿಸುವುದಿಲ್ಲ, ಏಪ್ರಿಲ್‌ನಲ್ಲಿ ಕೂರಲಾಗುವುದಿಲ್ಲ. ಶಿವಮೊಗ್ಗ ಪೇಟೆಯ ಬೇಸಿಗೆ ಆಗುಂಬೆಯದ್ದಲ್ಲ, ಸೆಕೆ ಜೋರು. ಒಬ್ಬರೇ ಇದ್ದು ಹಗಲೆಲ್ಲ ಕೆಲಸದಲ್ಲಿರುವುದಾದರೆ ಯೋಚಿಸಬಹುದು.

ನೀರು, ಬಿಸಿನೀರು

ಪಾಲಿಕೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸಂಪು ಇದೆಯಾ, ಬೋರ್ ಇದೆಯಾ, ಮೋಟರ್ ಯಾರು ಹಾಕುತ್ತಾರೆ, ಆ ಕರೆಂಟು ಯಾರ ಮೀಟರಿಗೆ? ಇಷ್ಟೂ ಕೇಳಿ. ಊರಿಗೆ ಬರುವುದು ತುಂಗೆಯ ನೀರು. ಹೊಳೆ ಕೆಂಪಾದ ದಿನಗಳಲ್ಲಿ ನಲ್ಲಿ ನೀರೂ ರಾಡಿ ಆಗುವುದುಂಟು, ಕುಡಿಯುವ ನೀರಿಗೆ ಒಂದು ಫಿಲ್ಟರ್ ಲೆಕ್ಕದಲ್ಲಿರಲಿ.

'ಸೋಲಾರ್ ಇದೆ' ಅಂತ ಓನರ್ ಹೆಮ್ಮೆಯಿಂದ ಹೇಳುತ್ತಾರೆ. ಬಿಸಿಲಿಲ್ಲದ ಜುಲೈನಲ್ಲಿ ಏನು ಮಾಡುವುದು ಅಂತ ಕೇಳಿ. ಗೀಸರ್ ಹಾಕಲು ಪಾಯಿಂಟ್ ಇರಬೇಕು. ಕೆಲವು ಹಳೆ ಮನೆಗಳಲ್ಲಿ ಇನ್ನೂ ಬಚ್ಚಲ ಒಲೆ, ಹಂಡೆ ಇವೆ. ಅಡಿಕೆ ಸಿಪ್ಪೆ ತುಂಬಿದ ಚೀಲ ಪಕ್ಕದಲ್ಲೇ ಇರುತ್ತದೆ. ಅಂಥ ಮನೆ ಸಿಕ್ಕರೆ ಬಿಡಬೇಡಿ. ಮಳೆಯಲ್ಲಿ ನೆನೆದು ಬಂದು ಆ ಹಂಡೆಯ ನೀರು ಮೈಮೇಲೆ ಹಾಕಿಕೊಂಡರೆ ದಿನದ ದಣಿವೆಲ್ಲ ಇಳಿದುಹೋಗುತ್ತದೆ.

ಹೊಳೆ ಎಷ್ಟು ದೂರ?

ಹೊಳೆಯ ಹತ್ತಿರದ ತಗ್ಗಿನ ಬೀದಿಗಳಲ್ಲಿ ಬಾಡಿಗೆ ಕಡಿಮೆ ಹೇಳಿದರೆ ಕಾರಣ ಕೇಳಿ. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕುಂಬಾರಗುಂಡಿಯಂಥ ಕಡೆ ಆತಂಕ ಶುರುವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಊರಿನ ಅನೇಕ ಬಡಾವಣೆಗಳಿಗೆ ನೀರು ನುಗ್ಗಿತ್ತು. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪವಿದೆ. ಅದು ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಊರಿನವರು ನೋಡಲು ಹೋಗುತ್ತಾರೆ. ಹೊಳೆ ಪಕ್ಕದಲ್ಲಿ ಮನೆ ನೋಡುತ್ತಿದ್ದರೆ ಅಕ್ಕಪಕ್ಕದವರನ್ನು ಎರಡೇ ಪ್ರಶ್ನೆ ಕೇಳಿ: "ಮಂಟಪ ಮುಳುಗಿದಾಗ ಇಲ್ಲಿಗೆ ನೀರು ಬರ್ತದಾ? 2019ರಲ್ಲಿ ಎಲ್ಲಿವರೆಗೆ ಬಂದಿತ್ತು?" ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಚಾನೆಲ್ (ಕಾಲುವೆ) ಪಕ್ಕದ ಬೀದಿ, ದೊಡ್ಡ ಚರಂಡಿ ಪಕ್ಕದ ಬೀದಿಗಳಲ್ಲೂ ಹೀಗೇ ಕೇಳಿ.

ಅಡ್ವಾನ್ಸ್, ಕರಾರು, ಭೋಗ್ಯ

ಬೆಂಗಳೂರಿನ ಲೆಕ್ಕದಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಒಪ್ಪಬೇಡಿ, ಚೌಕಾಸಿ ಮಾಡಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ಕೊಡುವ ಮೊದಲು ಕಂದಾಯ ಕಟ್ಟಿದ ರಸೀದಿ ಮತ್ತು ಕರೆಂಟ್ ಬಿಲ್ ನೋಡಿ, ಎರಡರಲ್ಲೂ ಯಾರ ಹೆಸರಿದೆ ಅಂತ ಗಮನಿಸಿ.

ಕರಾರು ಪತ್ರವನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದ ಅವಧಿಯದ್ದಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಆಗಬೇಕು, ಅದಕ್ಕೇ ಈ 11ರ ಲೆಕ್ಕ. ಪತ್ರದಲ್ಲಿ ಇವು ಇರಲಿ: ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಪೇಂಟಿಗೆ ಎಷ್ಟು ಹಿಡಿಯುತ್ತಾರೆ, ಸೋರಿದರೆ ಯಾರು ರಿಪೇರಿ ಮಾಡಿಸಬೇಕು. ಕೊನೆಯದನ್ನು ನಾನು ಮೊದಲ ಮನೆಯಲ್ಲಿ ಬರೆಸಿರಲಿಲ್ಲ. ಗೋಡೆ ಜಿನುಗಿ ಬಣ್ಣ ಎದ್ದುಹೋಗಿದ್ದಕ್ಕೆ ನನ್ನ ಅಡ್ವಾನ್ಸಿನಿಂದಲೇ ಹಣ ಮುರಿದುಕೊಂಡರು. ತೋರಿಸಲು ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ಕೀ ತಗೊಂಡ ದಿನವೇ ಪ್ರತಿ ಗೋಡೆ, ನಲ್ಲಿ, ಕಿಟಕಿ ಗಾಜು, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಜಗಳಕ್ಕಲ್ಲ, ಇಬ್ಬರಿಗೂ ನೆನಪಿಗೆ.

ಭೋಗ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸ್. ಕೇಳಲು ಚೆನ್ನ. ಆದರೆ ಓನರ್ ಆ ಹಣವನ್ನು ಸಾಮಾನ್ಯವಾಗಿ ಯಾವುದೋ ಸಾಲಕ್ಕೋ ಮದುವೆಗೋ ಖರ್ಚು ಮಾಡಿರುತ್ತಾರೆ. ಮುಂದಿನ ಭೋಗ್ಯದವರು ಬರುವವರೆಗೆ ನಿಮ್ಮ ಹಣ ಬರುವುದಿಲ್ಲ. ಮನೆ ಬ್ಯಾಂಕಿಗೆ ಅಡವಿದ್ದು ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ. ಮನೆಯ ಮೂಲ ಪತ್ರ ತೋರಿಸಿ ಅಂತಲೂ ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ, ಮೂಲ ಪತ್ರ ಎಲ್ಲೋ ಅಡವಿದೆ ಅಂತಲೇ ಅನುಮಾನ ಪಡಿ. ಭೋಗ್ಯದ ಪತ್ರ ನೋಂದಣಿ ಆಗದೆ ಹಣ ಕೊಡಬೇಡಿ. ಜೀವಮಾನದ ಉಳಿತಾಯ ಹಾಕುವುದಾದರೆ ವಕೀಲರಿಗೆ ಒಂದಿಷ್ಟು ಫೀಸು ಕೊಟ್ಟು ಓದಿಸಿ.

ಮೆಸ್ಕಾಂ ಬಿಲ್

ನಿಮ್ಮ ಮಹಡಿಗೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಇದೆಯಾ? ಇದ್ದರೆ ಬಾಡಿಗೆಯವರಿಗೂ ಗೃಹಜ್ಯೋತಿ ಸಿಗುತ್ತದೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗಿನ ಮಿತಿಯೊಳಗೆ, ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಲೆಕ್ಕದ ಮೇಲೆ ಉಚಿತ. ಹಿಂದೆ ಇದ್ದವರ ಆಧಾರ್ ಆ ನಂಬರಿಗೆ ಜೋಡಣೆ ಆಗಿರುತ್ತದೆ. ಅದನ್ನು ಬಿಡಿಸಿ ನಿಮ್ಮದನ್ನು ಜೋಡಿಸಬೇಕು. ಹಳಬರು ಖಾಲಿ ಮಾಡುವ ಮೊದಲೇ ಈ ಕೆಲಸ ಮುಗಿಸಿಕೊಂಡರೆ ಓಡಾಟ ತಪ್ಪುತ್ತದೆ. ಬಾಕಿ ಇಲ್ಲದ ಕೊನೆಯ ಬಿಲ್ಲನ್ನೂ ಇಸಿದುಕೊಳ್ಳಿ. ಓನರ್ ಮೀಟರಿನಿಂದಲೇ ಲೈನ್ ಎಳೆದಿದ್ದರೆ ಯೂನಿಟ್‌ಗೆ ಎಷ್ಟು ಅಂತ ಕರಾರಿನಲ್ಲಿ ಬರೆಸಿ.

ಸಾಮಾನು ಇಳಿಸುವ ದಿನ

ಲಾರಿ ಬರುವ ಮೊದಲು ಖಾಲಿ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಲು ಸಾಧ್ಯವಾದರೆ ಮಲಗಿ. ಯಾವ ನಲ್ಲಿ ತೊಟ್ಟಿಕ್ಕುತ್ತದೆ, ಯಾವ ಕಿಟಕಿ ಬಡಿಯುತ್ತದೆ ಅಂತ ಗೊತ್ತಾಗುತ್ತದೆ. ಬೀರು, ಮಂಚ ಯಾವುದನ್ನೂ ಪಶ್ಚಿಮದ ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಬಿಡಿ. ಬೀರುವಿನ ಕಾಲ ಕೆಳಗೆ ಇಟ್ಟಿಗೆ ಕೊಡಿ. ರೇಷ್ಮೆ ಸೀರೆ, ಮಕ್ಕಳ ಮಾರ್ಕ್ಸ್ ಕಾರ್ಡ್, ಮನೆ ಪತ್ರಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜೊತೆಗೆ ಹಳೆ ಕಾಟನ್ ಬಟ್ಟೆಯಲ್ಲಿ ಕಟ್ಟಿದ ಒಣ ಬೇವಿನ ಸೊಪ್ಪಿಡಿ. ಆರಿದ್ರಾ ಮಳೆ ಶುರುವಾಗುವ ಮೊದಲು, ಅಂದರೆ ಜೂನ್ ಮೂರನೇ ವಾರದೊಳಗೆ, ಎಲ್ಲವನ್ನೂ ಒಂದು ದಿನ ಬಿಸಿಲಿಗೆ ಹಾಕಿ ತೆಗೆದಿಡಿ. ಅವ್ವನ ಇಳಕಲ್ ಸೀರೆ ಈಗ ಆ ಡಬ್ಬಿಯಲ್ಲಿದೆ. ಅಂಚಿನಲ್ಲಿ ಒಂದು ಕಲೆ ಉಳಿದುಕೊಂಡಿದೆ.